ಶಿಶ್ನ ಇಂಪ್ಲಾಂಟ್ ಆಪರೇಷನ್: ಕೊಡಗಿನ ಒಬ್ಬ ಬೆಳೆಗಾರ ಬರೆದ ಮಾರ್ಗದರ್ಶಿ

ನನಗೆ ಶುಗರ್ ಬಂದಿದ್ದು 41ನೇ ವಯಸ್ಸಿಗೆ. ನಿಮಿರುವಿಕೆಯ ತೊಂದರೆ ಶುರುವಾಗಿದ್ದು 48ಕ್ಕೆ. ಶಿಶ್ನದೊಳಗೆ ಗಟ್ಟಿತನ ಕೊಡುವ ಸಾಧನ, ಅಂದರೆ ಇಂಪ್ಲಾಂಟ್, ಕೂರಿಸುವ ಆಪರೇಷನ್ ಆಗಿದ್ದು 54ಕ್ಕೆ. ನಡುವಿನ ಆರು ವರ್ಷದಲ್ಲಿ ನಾಲ್ಕು ವರ್ಷ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ತೋಟದ ಕೆಲಸ ಜಾಸ್ತಿ, ಸುಸ್ತು ಅಂತ ಹೇಳಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ‘ಇವರಿಗೆ ನಾನು ಬೇಡವಾದೆ’ ಅಂತ ನನ್ನ ಹೆಂಡತಿ ಅಂದುಕೊಂಡಿದ್ದಳಂತೆ. ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಆದರೆ ಈ ದಾರಿಯನ್ನು ಒಂದು ಸಲ ಪೂರ್ತಿ ನಡೆದು ಬಂದಿದ್ದೇನೆ. ಅದರಲ್ಲಿ ಕಲಿತಿದ್ದು ಇಷ್ಟು: ಆಪರೇಷನ್ ಹಿಡಿಯುವುದು ಒಂದು ಒಂದೂವರೆ ಗಂಟೆ. ಅದು ಸರಿಯಾಗುತ್ತದೋ ಕೆಡುತ್ತದೋ ಅನ್ನುವುದು ಬಹುಪಾಲು ಅದಕ್ಕೆ ಮೊದಲಿನ ಆರು ತಿಂಗಳಲ್ಲಿ ಮತ್ತು ಆಮೇಲಿನ ಆರು ವಾರದಲ್ಲಿ ಇರುತ್ತದೆ. ಹಾಗಾಗಿ ಆಪರೇಷನ್ ಥಿಯೇಟರಿನ ಬಗ್ಗೆ ಇಲ್ಲಿ ಕಡಿಮೆ ಬರೆದಿದ್ದೇನೆ, ಮನೆಯ ಬಗ್ಗೆ ಜಾಸ್ತಿ.

ಮೊದಲು ಡಾಕ್ಟರ ಮುಂದೆ ಬಾಯಿ ಬಿಡಿ

ಒಂದೆರಡು ಸಲ ಆಗಲಿಲ್ಲ ಅಂದರೆ ಅದು ಕಾಯಿಲೆ ಅಲ್ಲ. ಸುಸ್ತಿಗೆ, ಕುಡಿತಕ್ಕೆ, ಚಿಂತೆಗೆ ಯಾರಿಗಾದರೂ ಹಾಗಾಗುತ್ತದೆ. ಮೂರು ತಿಂಗಳಾದರೂ ಅದೇ ಕಥೆ ಅಂದರೆ ತೋರಿಸಿಕೊಳ್ಳಬೇಕು.

ಇದನ್ನು ‘ಗಂಡಸುತನ’ದ ಪ್ರಶ್ನೆ ಮಾಡಿಕೊಳ್ಳಬೇಡಿ. ಹೆಚ್ಚಿನವರಲ್ಲಿ ಇದು ರಕ್ತನಾಳದ, ನರದ ತೊಂದರೆ. ಶಿಶ್ನಕ್ಕೆ ರಕ್ತ ತರುವ ನಾಳ ಒಂದೆರಡು ಮಿಲಿಮೀಟರ್ ಅಗಲ. ಹೃದಯದ ನಾಳ ಮೂರ್ನಾಲ್ಕು ಮಿಲಿಮೀಟರ್. ಶುಗರ್, ಬಿಪಿ, ಕೊಲೆಸ್ಟರಾಲ್, ಬೀಡಿ ಸಿಗರೇಟು ಇವುಗಳಿಂದ ನಾಳ ಕಟ್ಟಿಕೊಳ್ಳಲು ಶುರುವಾದರೆ ಮೊದಲು ತೊಂದರೆ ಕಾಣುವುದು ಸಣ್ಣ ನಾಳದಲ್ಲೇ. ಹೃದಯದ ಕಾಯಿಲೆ ಹೊರಗೆ ಕಾಣುವ ಕೆಲವು ವರ್ಷ ಮೊದಲೇ ಇದು ಬರಬಹುದು. ನಾಚಿಕೆಯಿಂದ ಇದನ್ನು ಮುಚ್ಚಿಟ್ಟರೆ ಹೃದಯದ ಎಚ್ಚರಿಕೆಯನ್ನೂ ಮುಚ್ಚಿಟ್ಟ ಹಾಗೆ, ಅಲ್ವಾ?

ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ, ಸೊಂಟದ ಮೂಳೆ ಮುರಿದವರಿಗೂ ಇದು ಬರುತ್ತದೆ. ನಮ್ಮ ಕಡೆ ಮರ ಹತ್ತಿ ನೆರಳು ಕಡಿಯುವಾಗ, ಏಣಿ ಹಾಕಿ ಮೆಣಸು ಕೊಯ್ಯುವಾಗ ಬಿದ್ದು ಸೊಂಟ ಮುರಿದುಕೊಂಡವರು ಎಷ್ಟು ಜನ ಇದ್ದಾರೆ! ಮೂಳೆ ಕೂಡಿತು, ನಡೆಯುತ್ತಿದ್ದಾರೆ, ಸರಿಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ವಿಷಯ ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಬಾಯಲ್ಲಿ ಹೇಳಲು ಆಗದಿದ್ದರೆ ಬರೆದುಕೊಂಡು ಹೋಗಿ. ನಾನು ಗೊಬ್ಬರದ ಬಿಲ್ಲಿನ ಹಿಂದೆ ನಾಲ್ಕು ಸಾಲು ಬರೆದಿದ್ದೆ: ಎಷ್ಟು ವರ್ಷದಿಂದ, ಬೆಳಿಗ್ಗೆ ಏಳುವಾಗ ನಿಮಿರಿರುತ್ತದೋ ಇಲ್ಲವೋ, ಆಸೆ ಇದೆಯೋ ಇಲ್ಲವೋ, ಯಾವ ಯಾವ ಮಾತ್ರೆ ನುಂಗುತ್ತೇನೆ. ಆ ಚೀಟಿಯನ್ನು ಮೇಜಿನ ಮೇಲಿಟ್ಟು ಸುಮ್ನೆ ಕೂತೆ. ಡಾಕ್ಟರ್ ಓದಿ, ‘ಇಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ’ ಅಂದರು. ಬೆಳಗಿನ ನಿಮಿರುವಿಕೆ ಚೆನ್ನಾಗಿದ್ದರೆ ತೊಂದರೆ ಹೆಚ್ಚಾಗಿ ಮನಸ್ಸಿನ ಕಡೆಯದು. ಅದಕ್ಕೆ ಕೌನ್ಸೆಲಿಂಗ್ ಇದೆ, ಆಪರೇಷನ್ ಬೇಡ.

ನಿಮ್ಮ ಶುಗರ್ ಡಾಕ್ಟರಿಂದಲೇ ಶುರು ಮಾಡಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿಗೆ ಸೇರಿದ್ದು. ಅಲ್ಲಿಂದಲೂ ಮುಂದಿನ ದಾರಿ ಕೇಳಬಹುದು. ಶುಗರ್, ಕೊಲೆಸ್ಟರಾಲ್, ಇಸಿಜಿ, ಬೆಳಗಿನ ಹೊತ್ತು ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಪರೀಕ್ಷೆ, ಇವು ಸಾಮಾನ್ಯ. ಬೇಕಾದರೆ ಮೂತ್ರ, ಜನನಾಂಗದ ಕಾಯಿಲೆ ನೋಡುವ ಯೂರಾಲಜಿ ಡಾಕ್ಟರು ಡಾಪ್ಲರ್ ಮಾಡಿಸುತ್ತಾರೆ. ಒಂದು ಇಂಜೆಕ್ಷನ್ ಕೊಟ್ಟು ಸ್ಕ್ಯಾನಿಂಗ್‌ನಲ್ಲಿ ರಕ್ತದ ಹರಿವು ನೋಡುತ್ತಾರೆ.

ಆಪರೇಷನ್ ಕೊನೆಯ ಮೆಟ್ಟಿಲು

ಇಂಪ್ಲಾಂಟ್ ಹಾಕಿದ ಮೇಲೆ ಮೊದಲಿನ ಸಹಜ ನಿಮಿರುವಿಕೆ ಮರಳಿ ಬರುವುದಿಲ್ಲ. ನಿಮಿರುವ ಸ್ಪಂಜಿನಂಥ ಭಾಗದ ಒಳಗೇ ಅದನ್ನು ಕೂರಿಸುತ್ತಾರೆ. ನಾಳೆ ಬೇಡ ಅಂತ ತೆಗೆಸಿದರೆ ನಿಮಿರುವಿಕೆಯ ಮಾತ್ರೆ, ಹೊರಗಿನಿಂದ ಇಡುವ ಪಂಪು ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಉಳಿದದ್ದನ್ನೆಲ್ಲ ಮೊದಲು ನಿಜವಾಗಿ ಪ್ರಯತ್ನ ಮಾಡಿರಬೇಕು.

‘ನಿಜವಾಗಿ’ ಅಂತ ಯಾಕೆ ಹೇಳಿದೆ ಅಂದರೆ, ಮಾತ್ರೆ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಎಷ್ಟೋ ಜನ ಅದನ್ನು ಸರಿಯಾಗಿ ತೆಗೆದುಕೊಂಡೇ ಇರುವುದಿಲ್ಲ. ನಾನೂ ಹಾಗೇ ಮಾಡಿದ್ದೆ. ಸಿಲ್ಡೆನಾಫಿಲ್ ಮಾತ್ರೆ ಬಂದಿದ್ದು 1998ರಲ್ಲಿ. ಅದು ಕೆಲಸ ಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಹೊಟ್ಟೆ ತುಂಬ ಜಿಡ್ಡಿನ ಊಟ ಮಾಡಿ ನುಂಗಿದರೆ ಅದು ತಡವಾಗುತ್ತದೆ, ಜೋರೂ ಕಡಿಮೆ. ಮದುವೆ ಮನೆಯಲ್ಲಿ ಪಂದಿ ಕರಿ, ಕಡಂಬುಟ್ಟು ಹೊಡೆದು, ಎರಡು ಪೆಗ್ ಹಾಕಿ, ಆಮೇಲೆ ಮಾತ್ರೆ ನುಂಗಿ ‘ಇದು ಏನೂ ಆಗಲ್ಲ’ ಅಂದರೆ ತಪ್ಪು ಮಾತ್ರೆಯದ್ದಲ್ಲ. ಸುಮ್ನೆ ಕೂತರೂ ಅದು ಕೆಲಸ ಮಾಡುವುದಿಲ್ಲ. ಮನಸ್ಸು ಮೈ ಎರಡೂ ಆ ಕಡೆ ತಿರುಗಬೇಕು. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಆರೆಂಟು ಸಲ ನೋಡದೆ ಕೈಬಿಡಬಾರದು. ಟಡಾಲಾಫಿಲ್ ಅನ್ನುವ ಇನ್ನೊಂದರ ಪರಿಣಾಮ ಒಂದೂವರೆ ದಿನದ ತನಕ ಇರುತ್ತದೆ, ಅದಕ್ಕೆ ಊಟದ ತಕರಾರು ಇಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ತರಹದ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಈ ಮಾತ್ರೆಗಳನ್ನು ಮುಟ್ಟಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು. ಮೆಡಿಕಲ್ ಶಾಪಿನಲ್ಲಿ ಗೆಳೆಯನ ಹೆಸರು ಹೇಳಿ ತಂದು ನುಂಗುವ ಕೆಲಸ ದಯವಿಟ್ಟು ಬೇಡ.

ಮಾತ್ರೆ ಆಗದಿದ್ದರೆ ವ್ಯಾಕ್ಯೂಮ್ ಪಂಪ್ ಇದೆ. ಹೊರಗಿನಿಂದ ಕೊಳವೆ ಇಟ್ಟು ಗಾಳಿ ಎಳೆದು, ಬುಡಕ್ಕೆ ರಬ್ಬರ್ ಬಳೆ ಹಾಕುವುದು. ಬಳೆ ಅರ್ಧ ಗಂಟೆಗಿಂತ ಜಾಸ್ತಿ ಇರಬಾರದು. ಆಮೇಲೆ ಇಂಜೆಕ್ಷನ್. ಶಿಶ್ನದ ಬದಿಗೆ ತಾನೇ ಚುಚ್ಚಿಕೊಳ್ಳುವ ಸಣ್ಣ ಸೂಜಿ. ಕೇಳಲು ಭಯ, ಆದರೆ ಇನ್ಸುಲಿನ್ ಚುಚ್ಚಿಕೊಂಡು ರೂಢಿ ಇರುವವರಿಗೆ ಅಷ್ಟೇನೂ ಕಷ್ಟವಲ್ಲ. ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಮಾತ್ರ ತುರ್ತಾಗಿ ಆಸ್ಪತ್ರೆಗೆ ಓಡಬೇಕು. ನನಗೆ ಇಂಜೆಕ್ಷನ್ ಎಂಟು ತಿಂಗಳು ನಡೆಯಿತು. ಆಮೇಲೆ ಅದೂ ನಿಂತಿತು.

ಗೋಡೆಯ ಮೇಲಿನ ಪೋಸ್ಟರ್ ನೋಡಿ ಹೋಗಬೇಡಿ. ನಾನು ಹೋಗಿದ್ದೆ. ಒಂದು ಲಾಡ್ಜಿನ ರೂಮು. ಕೂತಿದ್ದವನು ನಾಡಿ ಹಿಡಿದು, ‘ಹಳೇ ತಪ್ಪಿನ ಫಲ’ ಅಂದ. ಭಸ್ಮ, ಎಣ್ಣೆ, ಲೇಹ್ಯ ಕೊಟ್ಟ. ಆ ವರ್ಷ ಒಂದಷ್ಟು ಚೀಲ ಕಾಫಿ ಚೆರಿ ಮಾರಿದ ದುಡ್ಡು ಅಲ್ಲಿಗೆ ಹೋಯಿತು. ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿದ್ದು ಆ ‘ತಪ್ಪು’ ಅನ್ನುವ ಮಾತು. ಇಂಥ ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾನೂನಿನಲ್ಲಿ ಅಪರಾಧ. ‘ಗಿಡಮೂಲಿಕೆ’ ಅಂತ ಮಾರುವ ಪುಡಿಯಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಎಷ್ಟೋ ಕಡೆ ಸಿಕ್ಕಿಬಿದ್ದಿದೆ. ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಗೊತ್ತಿಲ್ಲದೆ ನುಂಗುವ ವಿಷ.

ಹೆಂಡತಿಯ ಜೊತೆ ಕೂತು ಮಾತಾಡಿ

ಇದನ್ನು ಮಾಡದೆ ಆಪರೇಷನ್ ತನಕ ಹೋಗಲೇಬೇಡಿ.

ನಾನು ಮಾತು ತೆಗೆದಿದ್ದು ಒಂದು ಮಳೆಗಾಲದ ರಾತ್ರಿ. ಕರೆಂಟ್ ಹೋಗಿತ್ತು. ಮುಖ ಕಾಣದಿದ್ದರೆ ಮಾತಾಡುವುದು ಸುಲಭ. ‘ನನ್ನ ಕೈಲಿ ಆಗ್ತಿಲ್ಲ ಕಣೇ. ಶುಗರಿನಿಂದ ಅಂತೆ. ನಿನ್ನಿಂದ ಅಲ್ಲ’ ಅಂದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇದನ್ನ ಹೇಳೋಕೆ ನಾಲ್ಕು ವರ್ಷ ಬೇಕಾಯ್ತಾ ನಿಮಗೆ?’ ಅಂದಳು. ಅಷ್ಟೇ. ಆ ರಾತ್ರಿ ಎಷ್ಟೋ ದಿನದ ಮೇಲೆ ಇಬ್ಬರೂ ಕೈ ಹಿಡಿದುಕೊಂಡು ಮಲಗಿದೆವು.

ಆಪರೇಷನ್ ವಿಷಯ ಬಂದಾಗ ಅವಳ ಪ್ರಶ್ನೆ ಬೇರೆ ಇದ್ದವು. ನನಗೆ ನೋವಾಗುತ್ತಾ? ಒಳಗೆ ಮೆಷಿನ್ ಇದೆ ಅಂತ ಗೊತ್ತಾಗುತ್ತಾ? ಇಷ್ಟು ದುಡ್ಡು ಇದಕ್ಕೆ ಹಾಕಬೇಕಾ, ಮಗಳ ಓದು ಇದೆಯಲ್ಲ? ಮುಟ್ಟು ನಿಂತ ಮೇಲೆ ಅವಳಿಗೂ ಒಣಗುವ, ಉರಿಯುವ ತೊಂದರೆ ಇತ್ತು. ಅದನ್ನೂ ನನಗೆ ಹೇಳಿರಲಿಲ್ಲ. ಡಾಕ್ಟರು ಅದಕ್ಕೂ ಜೆಲ್ ಬರೆದುಕೊಟ್ಟರು. ಹೆಂಡತಿಗೆ ಇದು ಬೇಡವೇ ಬೇಡ ಅನ್ನಿಸಿದರೆ ಅದನ್ನೂ ಕೇಳಿಸಿಕೊಳ್ಳಬೇಕು. ಕೂಡುವುದೊಂದೇ ಪ್ರೀತಿ ಅಲ್ಲ. ಕೆಲವು ಜೋಡಿ ಇಲ್ಲಿಗೆ ನಿಲ್ಲಿಸಿ ನೆಮ್ಮದಿಯಾಗಿದ್ದಾರೆ, ಅದೂ ಸರಿಯಾದ ನಿರ್ಧಾರವೇ. ಕಡೇ ಪಕ್ಷ ಒಂದು ಸಲವಾದರೂ ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ.

ಇಂಪ್ಲಾಂಟ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಎರಡು ಮುಖ್ಯ ಬಗೆ ಇವೆ.

ಒಂದು, ಬಗ್ಗಿಸುವ ಕಡ್ಡಿ. ಬೆರಳ ಗಾತ್ರದ ಎರಡು ಸಿಲಿಕಾನ್ ಕಡ್ಡಿ ಒಳಗೆ ಕೂರಿಸುತ್ತಾರೆ. ಯಾವಾಗಲೂ ಗಟ್ಟಿಯಾಗೇ ಇರುತ್ತದೆ. ಬೇಕಾದಾಗ ಮೇಲೆತ್ತುವುದು, ಬೇಡದಾಗ ಕೆಳಗೆ ಬಗ್ಗಿಸುವುದು. ಕೆಡುವ ಭಾಗ ಏನೂ ಇಲ್ಲ, ಖರ್ಚು ಕಡಿಮೆ. ನಮ್ಮ ದೇಶದಲ್ಲೇ ತಯಾರಾಗುವ ಶಾ ಪ್ರಾಸ್ಥೆಸಿಸ್ ಈ ಬಗೆಯದು. ಬೆರಳು ಸೆಟೆದವರಿಗೆ, ಕೈ ನಡುಗುವವರಿಗೆ ಇದು ಅನುಕೂಲ. ತೊಂದರೆ ಏನೆಂದರೆ ತೆಳು ಪಂಚೆಯಲ್ಲಿ ಆಕಾರ ಗೊತ್ತಾಗಬಹುದು. ಒಳಗಿನಿಂದ ಸದಾ ಒತ್ತುತ್ತಿರುವುದರಿಂದ ಸ್ಪರ್ಶ ಕಡಿಮೆ ಇರುವವರಲ್ಲಿ ಚರ್ಮ ಸವೆದು ಹೊರಬರುವ ಅಪಾಯವೂ ಇದೆ.

ಇನ್ನೊಂದು, ತುಂಬಿಸುವ ಬಗೆ. ಇದು ಮೊದಲು ಬಂದಿದ್ದು 1973ರಲ್ಲಿ, ಅಮೆರಿಕದಲ್ಲಿ. ಈಗ ಜಾಸ್ತಿ ಹಾಕುವುದು ಮೂರು ತುಂಡಿನದು. ಶಿಶ್ನದೊಳಗೆ ಎರಡು ಉದ್ದನೆಯ ಕೊಳವೆ, ವೃಷಣ ಚೀಲದಲ್ಲಿ ಒಂದು ಪುಟ್ಟ ಪಂಪ್, ಕಿಬ್ಬೊಟ್ಟೆಯ ಒಳಗೆ ಉಪ್ಪುನೀರಿನ ಒಂದು ಸಣ್ಣ ಚೀಲ. ಪಂಪ್ ಒತ್ತಿದರೆ ನೀರು ಕೊಳವೆಗೆ ಬಂದು ಗಟ್ಟಿಯಾಗುತ್ತದೆ. ಬಟನ್ ಒತ್ತಿದರೆ ನೀರು ವಾಪಸ್. ನಮ್ಮ ಡಾಕ್ಟರ ಮೇಜಿನ ಮೇಲೆ ಒಂದು ಮಾಡೆಲ್ ಇತ್ತು. ಅದನ್ನು ನನ್ನ ಕೈಗೆ ಕೊಟ್ಟರು. ಪಂಪಿನ ಉಂಡೆ ಹೆಬ್ಬೆರಳು, ತೋರುಬೆರಳಿನ ನಡುವೆ ಹಣ್ಣಾದ ಕಾಫಿ ಚೆರಿಗಿಂತ ಸ್ವಲ್ಪ ದೊಡ್ಡದು ಅನ್ನಿಸಿತು. ಒತ್ತಿದಾಗ ಮೆತ್ತಗೆ ಕುಗ್ಗಿ ಮತ್ತೆ ಉಬ್ಬುತ್ತಿತ್ತು. ಹತ್ತು ಹನ್ನೆರಡು ಸಲ ಒತ್ತುವಾಗ ಕೊಳವೆ ಕಣ್ಣೆದುರೇ ಎದ್ದು ನಿಂತಿತು. ಪಕ್ಕದಲ್ಲಿದ್ದ ಹೆಂಡತಿಗೂ ಕೊಟ್ಟೆ. ಅವಳು ನನಗಿಂತ ಬೇಗ ಕಲಿತಳು. ನಿಮಗೂ ಮಾಡೆಲ್ ತೋರಿಸಲು ಕೇಳಿ. ಬೆರಳಲ್ಲಿ ಬಲ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಈ ಬಗೆಯದು ನೋಡಲು, ಮುಟ್ಟಲು ಸಹಜಕ್ಕೆ ಹತ್ತಿರ. ಇಳಿದಾಗ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹೊರದೇಶದಿಂದ ಬರುವುದರಿಂದ ಖರ್ಚು ಹಲವು ಲಕ್ಷ. ಮೆಷಿನ್ ಅಂದ ಮೇಲೆ ಒಂದಲ್ಲ ಒಂದು ದಿನ ಸವೆಯುತ್ತದೆ. ಹೆಚ್ಚಿನವರಿಗೆ ಹತ್ತು ವರ್ಷ ದಾಟಿ ಬರುತ್ತದೆ, ಆಮೇಲೆ ಬದಲಿಸಬೇಕಾಗಬಹುದು.

ಈಗ ಮುಖ್ಯ ಮಾತು. ಇಂಪ್ಲಾಂಟ್ ಕೊಡುವುದು ಗಟ್ಟಿತನ ಮಾತ್ರ. ಆಸೆ ಹುಟ್ಟಿಸುವುದಿಲ್ಲ. ಉದ್ದ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ ಮೊದಲಿಗಿಂತ ಸ್ವಲ್ಪ ಗಿಡ್ಡ ಅನ್ನಿಸಬಹುದು. ತುದಿಯ ಭಾಗ ಮೊದಲಿನ ಹಾಗೆ ಉಬ್ಬದೇ ಇರಬಹುದು. ಇದನ್ನು ಮೊದಲೇ ಒಪ್ಪಿಕೊಂಡವರು ಆಮೇಲೆ ಬೇಸರ ಪಡುವುದಿಲ್ಲ. 18ರ ಹರೆಯ ವಾಪಸ್ ಬರುತ್ತದೆ ಅಂದುಕೊಂಡು ಹೋದವರೇ ನಿರಾಶರಾಗುವುದು. ಇನ್ನೊಂದು ಕಡೆ, ಅದು ಬೇರೆ ಏನನ್ನೂ ಕಿತ್ತುಕೊಳ್ಳುವುದೂ ಇಲ್ಲ. ಸ್ಪರ್ಶ, ಸುಖ, ವೀರ್ಯ ಬರುವುದು, ಮೂತ್ರ ಹೋಗುವುದು ಮೊದಲು ಹೇಗಿತ್ತೋ ಸಾಮಾನ್ಯವಾಗಿ ಹಾಗೇ ಇರುತ್ತದೆ.

ಡಾಕ್ಟರನ್ನು ಆರಿಸುವುದು

ಕೊಡಗಿನವರಿಗೆ ಮೈಸೂರು, ಮಂಗಳೂರು, ಬೆಂಗಳೂರು ಈ ಮೂರೇ ದಾರಿ. ಹತ್ತಿರದ್ದು ನೋಡುವುದಕ್ಕಿಂತ ಕೈ ಪಳಗಿದವರನ್ನು ನೋಡಿ. ಎಲ್ಲ ಯೂರಾಲಜಿಸ್ಟರೂ ಈ ಆಪರೇಷನ್ ಮಾಡುವುದಿಲ್ಲ. ನೇರವಾಗಿ ಕೇಳಿ: ಡಾಕ್ಟ್ರೇ, ನೀವು ಇದನ್ನು ಎಷ್ಟು ಮಾಡಿದ್ದೀರಿ? ಎರಡೂ ಬಗೆ ಹಾಕುತ್ತೀರಾ? ಸೋಂಕು ಬಂದರೆ ಏನು ಮಾಡುತ್ತೀರಿ, ಅದರ ಖರ್ಚು ಯಾರದ್ದು? ಕೆಟ್ಟರೆ ಕಂಪನಿ ಬದಲಿಸಿ ಕೊಡುತ್ತದಾ? ಒಳ್ಳೆ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಮೊದಲ ಭೇಟಿಯಲ್ಲೇ ಡೇಟ್ ಕೊಡಲು ಬರುವವರಿಂದ ಎದ್ದು ಬನ್ನಿ.

ಇನ್ಶೂರೆನ್ಸ್ ಇದ್ದರೆ ಮೊದಲೇ ಬರವಣಿಗೆಯಲ್ಲಿ ಕೇಳಿ, ಬಾಯಿಮಾತು ನಂಬಬೇಡಿ. ನಮ್ಮ ಜಿಲ್ಲೆಯಲ್ಲಿ ಮಿಲಿಟರಿಯಿಂದ ಬಂದವರು ತುಂಬ. ಅವರು ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬಗ್ಗೆ ವಿಚಾರಿಸಿ ಆಮೇಲೆ ಮುಂದುವರಿಯಲಿ. ಹರ್ನಿಯಾಕ್ಕೆ ಜಾಲರಿ ಹಾಕಿಸಿದ್ದರೆ, ಪ್ರಾಸ್ಟೇಟ್ ಆಪರೇಷನ್ ಆಗಿದ್ದರೆ ಹೇಳಲು ಮರೆಯಬೇಡಿ. ನೀರಿನ ಚೀಲ ಎಲ್ಲಿಡಬೇಕು ಅನ್ನುವುದು ಅದರ ಮೇಲೆ ಹೋಗುತ್ತದೆ.

ಯಾವ ತಿಂಗಳು?

ನಗರದವರಿಗೆ ಇದು ಪ್ರಶ್ನೆಯೇ ಅಲ್ಲ. ನಮಗೆ ದೊಡ್ಡ ಪ್ರಶ್ನೆ. ಆರು ವಾರ ಭಾರ ಎತ್ತಬಾರದು, ಜೀಪ್ ಓಡಿಸಬಾರದು, ಇಳಿಜಾರು ಹತ್ತಿ ಇಳಿಯಬಾರದು ಅಂದರೆ ಯಾವಾಗ ಸಾಧ್ಯ?

ಡಿಸೆಂಬರಿನಿಂದ ಕಾಫಿ ಕೊಯ್ಲು. ಆಳು ಸಿಗುವುದಿಲ್ಲ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಚೀಲ ಎತ್ತದೆ ಕೂರಲು ಮನಸ್ಸು ಬರುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಮೆಣಸು. ಜೂನ್ ಬಂತೆಂದರೆ ಮಳೆ. ಮಳೆಗಾಲ ಬೇಡ ಅನ್ನಲು ಎರಡು ಕಾರಣ. ಒಂದು, ರಸ್ತೆ. 2018ರಲ್ಲಿ ಸಂಪಾಜೆ ಘಾಟಿ ಕುಸಿದು ಮಂಗಳೂರಿನ ದಾರಿಯೇ ಕಡಿದುಹೋಗಿದ್ದು ಎಲ್ಲರಿಗೂ ನೆನಪಿದೆ. ಗಾಯಕ್ಕೆ ಸೋಂಕು ಬಂದ ರಾತ್ರಿ ರಸ್ತೆ ಬಂದ್ ಅಂದರೆ ಏನು ಮಾಡುತ್ತೀರಿ? ಇನ್ನೊಂದು, ಚರ್ಮ. ಗಮ್‌ಬೂಟು, ಒದ್ದೆ ಪ್ಯಾಂಟು, ದಿನವಿಡೀ ಆರದ ಚಡ್ಡಿ. ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗದ ಗಂಡಸು ನಮ್ಮೂರಿನಲ್ಲಿ ಕಡಿಮೆ. ಆ ಜಾಗದ ಚರ್ಮದಲ್ಲಿ ಸೋಂಕು ಇದ್ದರೆ ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕುತ್ತಾರೆ. ಹಾಕಲೇಬೇಕು.

ಹಾಗಾಗಿ ಉಳಿಯುವುದು ಎರಡು ಕಾಲ. ಮೆಣಸು ಮುಗಿದ ಮೇಲೆ ಏಪ್ರಿಲ್, ಮೇ. ಇಲ್ಲವೇ ಮಳೆ ಹಿಡಿತ ಬಿಟ್ಟ ಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನಾನು ಏಪ್ರಿಲ್ ಮಧ್ಯ ಆರಿಸಿದೆ. ಮಳೆ ಹಿಡಿಯುವ ಹೊತ್ತಿಗೆ ಆರು ವಾರ ಮುಗಿದಿತ್ತು.

ತಯಾರಿಯ ತಿಂಗಳುಗಳು

ಇಂಪ್ಲಾಂಟಿನ ದೊಡ್ಡ ಶತ್ರು ಸೋಂಕು. ಮೊದಲ ಸಲ ಹಾಕಿಸಿಕೊಳ್ಳುವವರಲ್ಲಿ ನೂರಕ್ಕೆ ಒಂದರಿಂದ ಮೂರು ಜನಕ್ಕೆ ಬರುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ, ಎರಡನೇ ಸಲ ಹಾಕಿಸುವವರಿಗೆ ಜಾಸ್ತಿ. ಬಂದರೆ ಸಾಮಾನ್ಯವಾಗಿ ಇಡೀ ಇಂಪ್ಲಾಂಟ್ ತೆಗೆಯಬೇಕು. ಲಕ್ಷಗಟ್ಟಲೆ ದುಡ್ಡು, ನೋವು, ಆಸೆ ಎಲ್ಲ ಹೋದ ಹಾಗೆ.

ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ನನಗೆ 9.6 ಇತ್ತು. ಡಾಕ್ಟರು, ‘ಇದನ್ನ ಇಳಿಸ್ಕೊಂಡು ಬನ್ನಿ, ಆಮೇಲೆ ಮಾತಾಡೋಣ’ ಅಂದರು. ಆಗ ಸಿಟ್ಟು ಬಂತು. ಈಗ ಅವರಿಗೆ ಕೈ ಮುಗಿಯುತ್ತೇನೆ. ರಾತ್ರಿಯ ಅನ್ನ ಅರ್ಧಕ್ಕೆ ಇಳಿಸಿದೆ. ಬೆಲ್ಲದ ಕಾಫಿ ಬಿಟ್ಟೆ. ಬೆಲ್ಲ ಹಾಕಿದರೆ ಶುಗರಿಗೆ ಏನೂ ಆಗುವುದಿಲ್ಲ ಅನ್ನುವುದು ನಮ್ಮ ಕಡೆಯ ದೊಡ್ಡ ತಪ್ಪು ನಂಬಿಕೆ. ಐದು ತಿಂಗಳಿಗೆ 7.4ಕ್ಕೆ ಬಂತು.

ಬೀಡಿ, ಸಿಗರೇಟು ಬಿಡಬೇಕು. ಹಲ್ಲು ಹುಳುಕಿದ್ದರೆ ಮೊದಲು ಸರಿ ಮಾಡಿಸಿ. ಬಾಯಿಯ ಕೀವು ರಕ್ತದಲ್ಲಿ ಹೋಗಿ ಇಂಪ್ಲಾಂಟಿಗೆ ಅಂಟಬಹುದು. ಸೋಂಕು ಇದೆಯೋ ನೋಡಲು ಮೂತ್ರದ ಕಲ್ಚರ್ ಪರೀಕ್ಷೆ ಆಗಲೇಬೇಕು. ಡಾಪಾಗ್ಲಿಫ್ಲೋಜಿನ್ ತರಹದ ಶುಗರ್ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದರಿಂದ ಅಲ್ಲಿ ಫಂಗಸ್ ಆಗುವುದು ಜಾಸ್ತಿ. ಆಪರೇಷನ್‌ಗೆ ಕೆಲವು ದಿನ ಮೊದಲು ಅದನ್ನು ನಿಲ್ಲಿಸುತ್ತಾರೆ. ರಕ್ತ ತೆಳು ಮಾಡುವ ಮಾತ್ರೆಯೂ ಹಾಗೇ. ಎರಡನ್ನೂ ಡಾಕ್ಟರು ಹೇಳಿದ ದಿನವೇ ನಿಲ್ಲಿಸಿ, ನಿಮ್ಮಷ್ಟಕ್ಕೆ ಅಲ್ಲ. ಹೃದಯಕ್ಕೆ ಸ್ಟೆಂಟ್ ಇರುವವರಿಗೆ ಸುಮ್ನೆ ನಿಲ್ಲಿಸಿದರೆ ಅಪಾಯ.

ಆಸ್ಪತ್ರೆಯವರು ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿ ಕೊಲ್ಲುವ ದ್ರಾವಣದಲ್ಲಿ ಹೇಳಿದಷ್ಟು ದಿನ ಸ್ನಾನ ಮಾಡಿ. ಕೂದಲು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಸಣ್ಣ ಗೀರು ಸಾಕು, ಅಲ್ಲೇ ಕ್ರಿಮಿ ಕೂರುತ್ತದೆ. ಆಸ್ಪತ್ರೆಯಲ್ಲೇ ತೆಗೆಯುತ್ತಾರೆ.

ಆಪರೇಷನ್ ದಿನ

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಇಲ್ಲವೇ ಪೂರ್ತಿ ಮಲಗಿಸುತ್ತಾರೆ. ಶಿಶ್ನ, ವೃಷಣ ಚೀಲ ಸೇರುವಲ್ಲಿ ಅಥವಾ ಅದರ ಮೇಲೆ ಕಿಬ್ಬೊಟ್ಟೆಯ ಬುಡದಲ್ಲಿ ಒಂದೇ ಒಂದು ಗಾಯ, ಮೂರ್ನಾಲ್ಕು ಸೆಂಟಿಮೀಟರ್. ಎಚ್ಚರವಾದಾಗ ಮೂತ್ರದ ಪೈಪ್ ಇರುತ್ತದೆ, ಮರುದಿನ ಸಾಮಾನ್ಯವಾಗಿ ತೆಗೆಯುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ.

ಆರು ವಾರ

ನಾನು ಸೀದಾ ಊರಿಗೆ ಹೋಗಲಿಲ್ಲ. ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದೆ. ಕುಶಾಲನಗರದ ತನಕ ರಸ್ತೆ ಚೆನ್ನಾಗಿದೆ, ಅಲ್ಲಿಂದ ತೋಟದ ಮಣ್ಣು ರಸ್ತೆಯ ಗುಂಡಿ ನೆನೆದೇ ನಡುಕ ಬಂದಿತ್ತು. ನಿಮಗೂ ಹಾಗೊಂದು ಮನೆ ಇದ್ದರೆ ಬಳಸಿಕೊಳ್ಳಿ. ಊರಿನಲ್ಲಿ ಕೇಳಿದವರಿಗೆ ‘ಯೂರಿನ್ ಕಡೆಯ ಸಣ್ಣ ಆಪರೇಷನ್’ ಅಂದೆ. ಅಷ್ಟು ಸಾಕು. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಮಾತ್ರ, ಆರು ವಾರ ನಾನು ಚೀಲ ಮುಟ್ಟುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿಟ್ಟೆ.

ಮೊದಲ ವಾರ ನೋಡಿದರೆ ಭಯ ಆಗುತ್ತದೆ. ವೃಷಣ ಚೀಲ ಊದಿ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಕನ್ನಡಿ ಹಿಡಿದು ನೋಡಿ ಹೆಂಡತಿಯನ್ನು ಕೂಗಿದ್ದೆ. ಅದು ಸಾಮಾನ್ಯ ಅಂತ ಆಸ್ಪತ್ರೆಯ ಬ್ರದರ್ (ಗಂಡು ನರ್ಸ್) ಫೋನಿನಲ್ಲಿ ಹೇಳಿದ ಮೇಲೆ ಉಸಿರು ಬಂತು. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡುವುದು. ಬಿಗಿ ಒಳಚಡ್ಡಿ ಹಾಕಿ, ಶಿಶ್ನವನ್ನು ಹೊಕ್ಕುಳಿನ ಕಡೆ ಮೇಲ್ಮುಖವಾಗಿ ಇಟ್ಟುಕೊಳ್ಳುವುದು. ಇಲ್ಲದಿದ್ದರೆ ಕೆಳಕ್ಕೆ ಬಾಗಿದ ಹಾಗೇ ಗಾಯ ಕೂಡಬಹುದು. ಆ್ಯಂಟಿಬಯೋಟಿಕ್ ಪೂರ್ತಿ ಮುಗಿಸಬೇಕು. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ತಿಣುಕಿದರೆ ಗಾಯಕ್ಕೆ ನೋವು.

ಡಾಕ್ಟರು ಹೇಳಿದ ದಿನದಿಂದ ಪಂಪನ್ನು ದಿನಾ ಮೆಲ್ಲಗೆ ಕೆಳಕ್ಕೆ ಎಳೆಯಬೇಕು, ವೃಷಣ ಚೀಲದ ತಳದಲ್ಲಿ ಕೈಗೆ ಸಿಗುವ ಹಾಗೆ ಅದು ಕೂರಲಿ ಅಂತ. ಬಿಸಿನೀರಿನ ಸ್ನಾನ ಮಾಡುವಾಗ ಚರ್ಮ ಸಡಿಲ ಇರುತ್ತದೆ, ಆಗ ಸುಲಭ. ಇದನ್ನು ಉದಾಸೀನ ಮಾಡಿದರೆ ಪಂಪ್ ಮೇಲೆಯೇ ನಿಂತು, ಆಮೇಲೆ ಹುಡುಕುವುದೇ ಕಷ್ಟ.

ಮನಸ್ಸಿನ ಕಡೆಯೂ ಒಂದು ಮಾತು. ಎರಡು ಮೂರನೇ ವಾರದಲ್ಲಿ ‘ಯಾಕಾದರೂ ಮಾಡಿಸಿದೆನೋ’ ಅನ್ನಿಸುತ್ತದೆ. ನನಗೆ ಅನ್ನಿಸಿತ್ತು. ಅದು ಹಾದುಹೋಗುತ್ತದೆ.

ಪಂಪ್ ಕಲಿಯುವುದು

ನಾಲ್ಕರಿಂದ ಆರು ವಾರಕ್ಕೆ ಆಸ್ಪತ್ರೆಗೆ ಕರೆದು ಕಲಿಸುತ್ತಾರೆ. ಆ ದಿನ ಹೆಂಡತಿಯೂ ಜೊತೆಗಿರಲಿ. ಮೊದಲ ಸಲ ತುಂಬಿಸುವಾಗ ಬಿಗಿಯಾದ ನೋವು ಬರುತ್ತದೆ. ಆಮೇಲಾಮೇಲೆ ಕಡಿಮೆ. ಇಳಿಸುವುದೇ ಹೆಚ್ಚಿನವರಿಗೆ ಕಷ್ಟ. ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿ ಹುಡುಕಿ, ಹಿಡಿದು ಒತ್ತಿ, ಇನ್ನೊಂದು ಕೈಯಲ್ಲಿ ಶಿಶ್ನವನ್ನು ಮೆಲ್ಲಗೆ ಹಿಂಡಿ. ನನಗೆ ಒಂದು ವಾರ ಹಿಡಿಯಿತು. ದಿನಾ ತುಂಬಿಸಿ ಇಳಿಸಿ ಅಭ್ಯಾಸ ಮಾಡಿ.

ಕೂಡುವುದು ಆರು ವಾರದ ಮೇಲೆ, ಡಾಕ್ಟರು ಒಪ್ಪಿದ ಮೇಲೆಯೇ. ಮೊದಮೊದಲು ಜೆಲ್ ಧಾರಾಳವಾಗಿ ಬಳಸಿ. ಆತುರ ಬೇಡ. ಎರಡು ಮಾತು ಆಡಿ, ನಗಿ. ಎಷ್ಟೋ ವರ್ಷದ ಮೇಲೆ ಹತ್ತಿರ ಬರುವವರಿಗೆ ಮೊದಲ ಸಲ ಅಳುವೂ ಬರುತ್ತದೆ. ನಮಗೆ ಬಂತು.

ಯಾವಾಗ ತಕ್ಷಣ ಹೊರಡಬೇಕು

ಜ್ವರ, ಚಳಿ. ಗಾಯದಿಂದ ಕೀವು. ಕಡಿಮೆಯಾಗಿದ್ದ ನೋವು ಮತ್ತೆ ಏರುವುದು. ಚರ್ಮ ಕೆಂಪಾಗಿ ಬಿಸಿಯಾಗುವುದು. ಪಂಪ್ ಚರ್ಮಕ್ಕೆ ಅಂಟಿಕೊಂಡು ಅಲ್ಲಾಡದೇ ಇರುವುದು. ಚರ್ಮ ತೆಳುವಾಗಿ ಒಳಗಿನದು ಕಾಣಿಸುವುದು. ಮೂತ್ರ ಕಟ್ಟುವುದು. ಇದರಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ ಅವತ್ತೇ ಗಾಡಿ ಹತ್ತಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲಿಲ್ಲ. ಗೊತ್ತಿರುವ ಒಬ್ಬ ಡ್ರೈವರಿನ ನಂಬರ್, ಸ್ವಲ್ಪ ದುಡ್ಡು, ಆಪರೇಷನ್ ಕಾಗದ ಒಂದು ಚೀಲದಲ್ಲಿ ತಯಾರಿರಲಿ. ತಿಂಗಳು ಕಳೆದ ಮೇಲೂ, ವರ್ಷ ಕಳೆದ ಮೇಲೂ ಸೋಂಕು ಬರಬಹುದು. ಆ ಚೀಲವನ್ನು ಬಿಚ್ಚಬೇಡಿ.

ಮುಂದಿನ ವರ್ಷಗಳಿಗೆ

ಶುಗರ್ ಹತೋಟಿಯಲ್ಲೇ ಇರಬೇಕು. ಬೇರೆ ಯಾವ ಕಾಯಿಲೆಗೆ ಆಸ್ಪತ್ರೆ ಸೇರಿದರೂ ಇಂಪ್ಲಾಂಟ್ ಇದೆ ಅಂತ ಹೇಳಲೇಬೇಕು, ನಾಚಿಕೆ ಬೇಡ. ಮೂತ್ರದ ಪೈಪ್ ಹಾಕುವ ಮೊದಲು, ಹರ್ನಿಯಾ ಅಥವಾ ಹೊಟ್ಟೆಯ ಆಪರೇಷನ್‌ಗೆ ಮೊದಲು, ಎಂಆರ್‌ಐ ಮಾಡಿಸುವ ಮೊದಲು. ಈಗಿನ ಹೆಚ್ಚಿನ ಇಂಪ್ಲಾಂಟ್‌ಗೆ ಎಂಆರ್‌ಐ ಮಾಡಬಹುದು, ಆದರೆ ಯಾವ ಮಾಡೆಲ್ ಅಂತ ಅವರಿಗೆ ಗೊತ್ತಿರಬೇಕು.

ಅದಕ್ಕೆ ಆಸ್ಪತ್ರೆಯವರು ಒಂದು ಕಾರ್ಡ್ ಕೊಡುತ್ತಾರೆ. ಕಂಪನಿ, ಮಾಡೆಲ್, ನಂಬರ್, ಹಾಕಿದ ತಾರೀಖು ಅದರಲ್ಲಿ ಇರುತ್ತದೆ. ಕೊಡದಿದ್ದರೆ ಡಿಸ್‌ಚಾರ್ಜ್ ಆಗುವ ಮೊದಲು ಕೇಳಿ ತೆಗೆದುಕೊಳ್ಳಿ. ನನ್ನದು ಪರ್ಸಿನಲ್ಲಿ ಡಿಎಲ್ ಹಿಂದೆ ಇದೆ. ಮಳೆಗಾಲದಲ್ಲಿ ನೆನೆಯಬಾರದು ಅಂತ ಪ್ಲಾಸ್ಟಿಕ್ ಹಾಕಿಸಿದ್ದೇನೆ. ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ ದಿನ ನಾನೇ ಹೇಳಲು ಆಗದಿದ್ದರೆ ಬೇಕಾಗುತ್ತದೆ ಅಂತ, ಅದರ ಒಂದು ಫೋಟೋ ಹೆಂಡತಿಯ ಫೋನಿನಲ್ಲೂ ಇದೆ.